ಹಾಲು ಬೆರೆಸಿದ ಖೀಮಾ ತಿಂದರೆ ತೊನ್ನು ಬರುತ್ತದೆಯೇ? ಮನೆಯಲ್ಲಿ ಮೀಟ್‌ಲೋಫ್ ಮಾಡುವ ಮೊದಲು ತಿಳಿದಿರಬೇಕಾದದ್ದು

ಸುಳ್ಯದ ಓದುಗರೊಬ್ಬರು ನಮಗೆ ಎರಡು ಸಂದೇಶಗಳನ್ನು ಒಟ್ಟಿಗೆ ಕಳಿಸಿದ್ದಾರೆ. ಮೊದಲನೆಯದು ಅಡುಗೆಯ ವಿಡಿಯೊ. ಕೊಚ್ಚಿದ ಮಾಂಸಕ್ಕೆ ಹಾಲಿನಲ್ಲಿ ನೆನೆಸಿದ ಬ್ರೆಡ್, ಮೊಟ್ಟೆ, ಈರುಳ್ಳಿ ಸೇರಿಸಿ, ಬ್ರೆಡ್ಡಿನ ಆಕಾರಕ್ಕೆ ತಟ್ಟಿ, ಮೇಲೆ ಕೆಂಪಗೆ ಹೊಳೆಯುವ ಸಿಹಿ-ಹುಳಿ ಸಾಸ್ ಬಳಿದು ಒವನ್‌ನಲ್ಲಿ ಬೇಯಿಸುವ ಅಮೆರಿಕದ ಮನೆ ಅಡುಗೆ 'ಮೀಟ್‌ಲೋಫ್'. ಎರಡನೆಯದು ಅದರ ಬೆನ್ನಿಗೇ ಕುಟುಂಬದ ಗ್ರೂಪಿನಲ್ಲಿ ಬಂದ ಎಚ್ಚರಿಕೆ: 'ಹಾಲು ಮತ್ತು ಮಾಂಸ ಒಟ್ಟಿಗೆ ತಿಂದರೆ ತೊನ್ನು ಬರುತ್ತದೆ, ಎಲ್ಲರಿಗೂ ಕಳಿಸಿ.' ಮಕ್ಕಳು ಮಾಡಿಕೊಡು ಎಂದು ಹಠ ಹಿಡಿದಿದ್ದಾರೆ, ಅತ್ತೆ ಬೇಡವೇ ಬೇಡ ಎನ್ನುತ್ತಿದ್ದಾರೆ, ಏನು ಮಾಡಲಿ ಎಂಬುದು ಅವರ ಪ್ರಶ್ನೆ.

ಮೊದಲೇ ಉತ್ತರ ಹೇಳಿಬಿಡುತ್ತೇವೆ. ಧಾರಾಳವಾಗಿ ಮಾಡಬಹುದು. ಹಾಲಿನಿಂದ ತೊನ್ನು ಬರುವುದಿಲ್ಲ. ಆದರೆ ಈ ಅಡುಗೆಯಲ್ಲಿ ನಿಜವಾಗಿ ಹೆದರಬೇಕಾದ ಸಂಗತಿ ಒಂದಿದೆ. ಅದು ಆ ವಿಡಿಯೊದಲ್ಲೂ ಇಲ್ಲ, ಎಚ್ಚರಿಕೆಯ ಫಾರ್ವರ್ಡ್‌ನಲ್ಲೂ ಇಲ್ಲ.

ನಮ್ಮ ಕೈಮ ಉಂಡೆಯ ದೂರದ ನೆಂಟ

ಹೆಸರು ಹೊಸತಾದರೂ ಇದರ ಉಪಾಯ ನಮಗೆ ಹೊಸತಲ್ಲ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ ಕೊಡಗಿಗೆ, ಅಲ್ಲಿಂದ ಮೈಸೂರು ಕಡೆಗೆ ಹೋದರೆ ಕೈಮ ಉಂಡೆ ಸಾರು ಸಿಗುತ್ತದೆ. ಕೊಚ್ಚಿದ ಮಟನ್‌ಗೆ ಹುರಿಗಡಲೆ ಪುಡಿ, ತೆಂಗಿನಕಾಯಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಸೇರಿಸಿ ಅರೆದು, ಉಂಡೆ ಕಟ್ಟಿ, ಕುದಿಯುವ ಮಸಾಲೆಯಲ್ಲಿ ಬಿಡುತ್ತಾರೆ. ಅಲ್ಲಿ ಹುರಿಗಡಲೆ ಮಾಡುವ ಕೆಲಸವನ್ನು ಮೀಟ್‌ಲೋಫ್‌ನಲ್ಲಿ ಬ್ರೆಡ್ ಮಾಡುತ್ತದೆ. ಕಡಿಮೆ ಮಾಂಸದಲ್ಲಿ ಹೆಚ್ಚು ಜನಕ್ಕೆ ಊಟ ಹಾಕುವುದು ಎರಡರ ಹಿಂದೆಯೂ ಇರುವ ಲೆಕ್ಕ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಅಮೆರಿಕದ ಮನೆಗಳಲ್ಲಿ ಮೀಟ್‌ಲೋಫ್ ಅಷ್ಟು ಬಳಕೆಗೆ ಬಂದದ್ದು ಇದೇ ಕಾರಣಕ್ಕೆ. ಅಲ್ಲಿ ಹೆಚ್ಚಾಗಿ ದನದ ಮಾಂಸದಲ್ಲಿ ಮಾಡುತ್ತಾರೆ. ನಮ್ಮಲ್ಲಿ ಮಟನ್ ಅಥವಾ ಕೋಳಿ ಸಾಕು.

ಬ್ರೆಡ್ ಬರೀ ಪ್ರಮಾಣ ಹೆಚ್ಚಿಸಲು ಅಲ್ಲ. ಮಾಂಸದ ಪ್ರೋಟೀನ್ ಬಿಸಿಯಾದಂತೆ ಬಿಗಿದುಕೊಂಡು ನೀರನ್ನು ಹೊರಗೆ ಹಿಂಡುತ್ತದೆ. ಹಾಲಿನಲ್ಲಿ ನೆನೆದ ಬ್ರೆಡ್ಡಿನ ಪಿಷ್ಟ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪ್ರೋಟೀನಿನ ಎಳೆಗಳು ಒಂದಕ್ಕೊಂದು ಗಟ್ಟಿಯಾಗಿ ಹೆಣೆದುಕೊಳ್ಳದಂತೆ ನಡುವೆ ನಿಲ್ಲುತ್ತದೆ. ಅದಕ್ಕೇ ತುಂಡು ಮೆತ್ತಗಿರುತ್ತದೆ. ಹಾಲಿನ ಬದಲು ತೆಂಗಿನ ಹಾಲು ಹಾಕಿದರೂ, ಬರೀ ನೀರು ಹಾಕಿದರೂ ಈ ಕೆಲಸ ನಡೆಯುತ್ತದೆ. ಹಾಗಾಗಿ ಅತ್ತೆಯ ಮನಸ್ಸು ನೋಯಿಸುವುದು ಬೇಡವೆಂದರೆ ತೆಂಗಿನ ಹಾಲು ಬಳಸಿ, ರುಚಿಯೂ ಹೆಚ್ಚುತ್ತದೆ.

ತೊನ್ನಿನ ಮಾತು ಎಲ್ಲಿಂದ ಬಂತು?

ಹಾಲು ಮತ್ತು ಮೀನು ಒಟ್ಟಿಗೆ ಸೇರಬಾರದು ಎಂಬ ಮಾತು ಹಳೆಯ ಆಯುರ್ವೇದ ಗ್ರಂಥಗಳ 'ವಿರುದ್ಧಾಹಾರ'ದ ಪಟ್ಟಿಯಲ್ಲಿದೆ. ಬಾಯಿಂದ ಬಾಯಿಗೆ ಹೋಗುತ್ತಾ ಅದು ಕೋಳಿ, ಕುರಿಗಳಿಗೂ ಹಬ್ಬಿದೆ. ಇಂದು ವೈದ್ಯರಿಗೆ ತಿಳಿದಿರುವ ಪ್ರಕಾರ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾಳಿ ಮಾಡಿ ಅವು ನಾಶವಾದಾಗ ತೊನ್ನು ಕಾಣಿಸಿಕೊಳ್ಳುತ್ತದೆ. ಅದು ಅಂಟುರೋಗವಲ್ಲ. ಯಾವುದೋ ಊಟ ಮಾಡಿದ್ದರಿಂದ ಬರುವುದೂ ಅಲ್ಲ. ಮೊಸರಿನಲ್ಲಿ ನೆನೆಸಿದ ಕೋಳಿಯ ಬಿರಿಯಾನಿ, ಕ್ರೀಮ್ ಹಾಕಿದ ಬಟರ್ ಚಿಕನ್, ಬಂಗಾಳದವರ ಮೊಸರು ಮೀನು, ಇವನ್ನೆಲ್ಲ ಕೋಟ್ಯಂತರ ಜನ ತಿನ್ನುತ್ತಲೇ ಇದ್ದಾರೆ. ಹಾಲು ಜೀರ್ಣವಾಗದವರಿಗೆ ಹೊಟ್ಟೆ ಉಬ್ಬರಿಸಬಹುದು. ಅವರಿಗೆ ಮಾಂಸವಿಲ್ಲದ ಬರೀ ಹಾಲಿನಿಂದಲೂ ಹಾಗೆಯೇ ಆಗುತ್ತದೆ.

ಈ ಫಾರ್ವರ್ಡ್ ನಿರುಪದ್ರವಿ ಎಂದು ನಾವು ಬಿಟ್ಟುಬಿಡದಿರಲು ಕಾರಣವಿದೆ. ಮಗುವಿನ ಚರ್ಮದ ಮೇಲೆ ಬಿಳಿ ಮಚ್ಚೆ ಕಂಡಾಗ 'ತಾಯಿ ಏನು ತಿನ್ನಿಸಿದಳೋ' ಎಂಬ ಮಾತು ಈಗಲೂ ಕೇಳಿಬರುತ್ತದೆ. ಚರ್ಮರೋಗ ವೈದ್ಯರ ಬಳಿಗೆ ಹೋಗಬೇಕಾದ ತಿಂಗಳುಗಳು ಪಥ್ಯದಲ್ಲಿ ಕಳೆದುಹೋಗುತ್ತವೆ.

ಕೊಚ್ಚಿದಾಗ ಮಾಂಸ ಬದಲಾಗುತ್ತದೆ

ಈಗ ಹೆದರಬೇಕಾದ ಸಂಗತಿಗೆ ಬರೋಣ. ಆರೋಗ್ಯವಂತ ಪ್ರಾಣಿಯ ಮಾಂಸದ ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾಗಳು ಬಹುಪಾಲು ಹೊರಮೈಯಲ್ಲೇ ಇರುತ್ತವೆ. ಕಡಿಯುವಾಗ, ಚರ್ಮ ಸುಲಿಯುವಾಗ, ಕರುಳು ತೆಗೆಯುವಾಗ, ಮರದ ದಿಮ್ಮಿಯ ಮೇಲೆ ಕೊಚ್ಚುವಾಗ ಅಂಟಿದವು ಅವು. ಹೊರಮೈಗೆ ಬಿಸಿ ತಾಗಿದರೆ ಸಾಯುತ್ತವೆ. ಖೀಮಾ ಮಾಡಿದರೆ ಆ ಹೊರಮೈಯೇ ಒಳಗೆ ಹೋಗುತ್ತದೆ. ಮೇಲಿದ್ದ ಸೂಕ್ಷ್ಮಜೀವಿಗಳು ಉಂಡೆಯ ನಟ್ಟನಡುವೆ ಸೇರುತ್ತವೆ, ಬಿಸಿ ಎಲ್ಲಕ್ಕಿಂತ ಕೊನೆಗೆ ತಲುಪುವ ಜಾಗಕ್ಕೆ. ಕೈಮ ಉಂಡೆ ನಿಂಬೆಹಣ್ಣಿನ ಗಾತ್ರದ್ದು, ಕುದಿಯುವ ಸಾರಿನಲ್ಲಿ ಬೇಗ ಬೇಯುತ್ತದೆ. ಮೀಟ್‌ಲೋಫ್ ಒಂದು ಇಟ್ಟಿಗೆಯಷ್ಟು ದಪ್ಪ. ಹೊರಗೆ ಕಂದು ಬಣ್ಣ ಬಂದು ಘಮಘಮಿಸುವಾಗಲೂ ನಡುಭಾಗ ಉಗುರುಬೆಚ್ಚಗೆ ಇರಬಹುದು.

ಇದು ಪುಸ್ತಕದ ಮಾತಲ್ಲ. 1993ರ ಆರಂಭದಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಒಂದು ಬರ್ಗರ್ ಮಳಿಗೆ ಸರಣಿಯ ಅರೆಬೆಂದ ಖೀಮಾ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 4 ಮಕ್ಕಳು ಸತ್ತರು. ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಒಂದು ಅಪಾಯಕಾರಿ ತಳಿ ಇದಕ್ಕೆ ಕಾರಣ. ರಕ್ತಭೇದಿಯಿಂದ ಶುರುವಾಗಿ ಚಿಕ್ಕ ಮಕ್ಕಳಲ್ಲಿ ಮೂತ್ರಪಿಂಡವನ್ನೇ ಕೆಡಿಸಬಲ್ಲ ತಳಿ ಅದು. ದನಗಳ ಕರುಳಿನಲ್ಲಿ ಹೆಚ್ಚು, ಕುರಿ ಮೇಕೆಗಳಲ್ಲೂ ಇರಬಲ್ಲದು. ಕೋಳಿಯಲ್ಲಾದರೆ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್‌ಗಳ ಭಯ.

ಹಾಗಾದರೆ ಎಷ್ಟು ಬಿಸಿ ಸಾಕು? ಕುರಿ, ಹಂದಿ, ದನದ ಖೀಮಾ ಆದರೆ ನಟ್ಟನಡುವೆ 71 ಡಿಗ್ರಿ ಸೆಲ್ಸಿಯಸ್, ಕೋಳಿಯಾದರೆ 74 ಡಿಗ್ರಿ. ಒಲೆಯಲ್ಲಿ ಎಷ್ಟು ನಿಮಿಷ ಇಟ್ಟಿರಿ ಎಂಬುದಕ್ಕಿಂತ ಈ ಸಂಖ್ಯೆ ಮುಖ್ಯ.

'ನಿಂಬೆರಸ, ಅರಿಶಿನ, ವಿನೆಗರ್ ಹಾಕಿದರೆ ಕ್ರಿಮಿಗಳೆಲ್ಲ ಸಾಯುತ್ತವೆ' ಎಂಬ ಇನ್ನೊಂದು ಸಂದೇಶವೂ ಓಡಾಡುತ್ತದೆ. ಅಡುಗೆಗೆ ಹಾಕುವ ಪ್ರಮಾಣದಲ್ಲಿ ಅವು ವಾಸನೆ ತಗ್ಗಿಸಬಹುದು, ರುಚಿ ಕೊಡಬಹುದು, ಅಷ್ಟೇ. ಕೋಳಿಯನ್ನು ನಲ್ಲಿಯ ಕೆಳಗೆ ರಭಸದಿಂದ ತೊಳೆದರೆ ಹನಿಗಳು ಸಿಂಕ್, ಪಾತ್ರೆ, ಪಕ್ಕದಲ್ಲಿಟ್ಟ ಸೌತೆಕಾಯಿಯ ಮೇಲೆಲ್ಲ ಹಾರುತ್ತವೆ. ತೊಳೆಯಲೇಬೇಕು ಎನ್ನುವವರು ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಸಿಂಕನ್ನು ಸೋಪು ಹಾಕಿ ಉಜ್ಜಿ.

ಕೆಂಪಾಗಿದ್ದರೆ ಹಸಿ, ಕಂದಾದರೆ ಬೆಂದಿದೆ?

ಹೀಗೆ ನಂಬುವವರೇ ಹೆಚ್ಚು, ನಾವೂ ನಂಬಿದ್ದೆವು. ಮಾಂಸದಿಂದ ಇಳಿಯುವ ಕೆಂಪು ನೀರು ಬಹುಮಟ್ಟಿಗೆ ರಕ್ತವಲ್ಲ. ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನು ಬೆರೆತ ನೀರು ಅದು. ಗಾಳಿ ತಾಗಿ ಹೊತ್ತಾದಂತೆ ಈ ಮಯೋಗ್ಲೋಬಿನ್ ತಾನಾಗಿಯೇ ಕಂದಾಗುತ್ತದೆ. ಬೆಳಿಗ್ಗೆ ತಂದು ಸಂಜೆಯವರೆಗೆ ಇಟ್ಟ ಖೀಮಾ ಹೀಗೆ ಮೊದಲೇ ಕಂದಾಗಿದ್ದರೆ, ಒಲೆಯ ಮೇಲೆ 60 ಡಿಗ್ರಿಯ ಒಳಗೇ 'ಬೆಂದ' ಬಣ್ಣ ತೋರಿಸಿಬಿಡಬಹುದು. ಆಗ ಒಳಗಿನ ಬ್ಯಾಕ್ಟೀರಿಯಾ ಇನ್ನೂ ಬದುಕಿರುತ್ತವೆ. ಇದಕ್ಕೆ ತದ್ವಿರುದ್ಧವೂ ಉಂಟು. ಈರುಳ್ಳಿಯಂಥ ತರಕಾರಿಗಳಲ್ಲಿರುವ ನೈಟ್ರೇಟ್‌ನಿಂದಾಗಿ ಪೂರ್ತಿ ಬೆಂದ ಮೀಟ್‌ಲೋಫ್ ಒಳಗೆ ನಸುಗೆಂಪಾಗಿಯೇ ಉಳಿಯಬಹುದು. ಅದನ್ನು ನೋಡಿ ಎಸೆಯಬೇಕಿಲ್ಲ.

ಹಾಗಾಗಿ ಮಾಂಸಕ್ಕೆ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತರಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು.

ಮಾಡುವುದು ಹೇಗೆ

ಅರ್ಧ ಕಿಲೋ ಖೀಮಾ ಸಾಕು. ಅಂಗಡಿಯಲ್ಲಿ ಮೊದಲೇ ಕೊಚ್ಚಿಟ್ಟದ್ದನ್ನು ತರುವ ಬದಲು ಎಲುಬಿಲ್ಲದ ತುಂಡನ್ನು ನಿಮ್ಮೆದುರೇ ಕೊಚ್ಚಿಸಿ, ಇಲ್ಲವೇ ಮನೆಗೆ ತಂದು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಸ್ವಲ್ಪ ಕೊಬ್ಬು ಇರಲಿ, ಪೂರ್ತಿ ಕೊಬ್ಬಿಲ್ಲದ ಕೋಳಿಯ ಎದೆಭಾಗದಿಂದ ಮಾಡಿದರೆ ಒಣಗಿ ಪುಡಿಯಾಗುತ್ತದೆ.

ಎರಡು ತುಂಡು ಬ್ರೆಡ್ಡನ್ನು ಕಾಲು ಕಪ್ ಹಾಲಿನಲ್ಲಿ ಅಥವಾ ತೆಂಗಿನ ಹಾಲಿನಲ್ಲಿ ನೆನೆಸಿ ಕಿವುಚಿ. ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿಯನ್ನು, ಜಜ್ಜಿದ ಶುಂಠಿ ಬೆಳ್ಳುಳ್ಳಿಯೊಂದಿಗೆ ಬಾಡಿಸಿ ಆರಲು ಬಿಡಿ. ಒಂದು ಮೊಟ್ಟೆ, ಒಂದು ಚಮಚ ಕುಟ್ಟಿದ ಕಾಳುಮೆಣಸು, ಒಂದು ಚಮಚ ಉಪ್ಪು, ಕೊತ್ತಂಬರಿ ಸೊಪ್ಪು, ಇವೆಲ್ಲ ಬ್ರೆಡ್ಡಿಗೆ ಮೊದಲು ಸೇರಲಿ. ಖೀಮಾ ಕೊನೆಗೆ. ಚಪಾತಿ ಹಿಟ್ಟಿನಂತೆ ನಾದಬೇಡಿ. ಉಪ್ಪು ಬಿದ್ದ ಮಾಂಸವನ್ನು ನಾದಿದಷ್ಟೂ ಅಂಟು ಬಂದು, ಬೆಂದ ಮೇಲೆ ರಬ್ಬರಿನಂತೆ ಪುಟಿಯುತ್ತದೆ. ಬೆರೆತರೆ ಸಾಕು. ಉಪ್ಪು ಸರಿಯಾಗಿದೆಯೇ ಎಂದು ಹಸಿಯಾಗಿ ನಾಲಗೆಗೆ ಹಚ್ಚಿ ನೋಡುವ ಅಭ್ಯಾಸವಿದ್ದರೆ ಬಿಡಿ. ಒಂದು ಚಿಟಿಕೆಯನ್ನು ಕಾವಲಿಯಲ್ಲಿ ಸುಟ್ಟು ತಿಂದು ನೋಡಿ.

ದಪ್ಪದ ವಿಷಯದಲ್ಲಿ ಮಾತ್ರ ವಿಡಿಯೊವನ್ನು ಅನುಸರಿಸಬೇಡಿ. ದಪ್ಪ ಎರಡು ಪಟ್ಟಾದರೆ ನಡುಭಾಗಕ್ಕೆ ಬಿಸಿ ತಲುಪಲು ಸುಮಾರು ನಾಲ್ಕು ಪಟ್ಟು ಸಮಯ ಬೇಕು. 10 ಸೆಂಟಿಮೀಟರ್ ಎತ್ತರದ ಗುಡ್ಡೆಗಿಂತ 5 ಸೆಂಟಿಮೀಟರ್ ಎತ್ತರದ ಚಪ್ಪಟೆ ಲೋಫ್ ಎಷ್ಟೋ ಕ್ಷೇಮ.

ಮೇಲಿನ ಹೊಳಪಿಗೆ ನಾಲ್ಕು ಚಮಚ ಟೊಮೆಟೊ ಕೆಚಪ್, ಎರಡು ಚಮಚ ಬೆಲ್ಲದ ಪುಡಿ, ಒಂದು ಚಮಚ ವಿನೆಗರ್. ವಿನೆಗರ್ ಬದಲು ಗಟ್ಟಿಯಾಗಿ ಹಿಂಡಿದ ಪುನರ್ಪುಳಿ ರಸವಾಗಲಿ ಕೊಡಗಿನ ಕಾಚಂಪುಳಿಯಾಗಲಿ ಚೆನ್ನಾಗಿಯೇ ಹೊಂದುತ್ತದೆ. ಕಾಚಂಪುಳಿಯಾದರೆ ಕಾಲು ಚಮಚಕ್ಕೆ ನಿಲ್ಲಿಸಿ. ಇದನ್ನು ಮೊದಲೇ ಬಳಿದರೆ ಬೆಲ್ಲ ಸೀದು ಕಹಿಯಾಗುತ್ತದೆ. ಓಟಿಜಿಯನ್ನು 180 ಡಿಗ್ರಿಗೆ ಕಾಯಿಸಿ, ಅರ್ಧ ಗಂಟೆ ಹಾಗೇ ಬೇಯಿಸಿ, ಆಮೇಲೆ ಬಳಿದು ಇನ್ನೂ 15 ನಿಮಿಷ ಇಡಿ. ಥರ್ಮಾಮೀಟರನ್ನು ಬದಿಯಿಂದ ನಡುಮಧ್ಯಕ್ಕೆ ಚುಚ್ಚಿ. ಸಂಖ್ಯೆ ಬಾರದಿದ್ದರೆ ಮತ್ತೆ ಒಳಗಿಡಿ.

ಒವನ್ ಇಲ್ಲದವರು ಕುಕ್ಕರ್ ಬಳಸಬಹುದು. ಕೇಕ್ ಟಿನ್ನಿನಲ್ಲಿ ಒತ್ತಿ ತುಂಬಿ, ನೀರು ಬೀಳದಂತೆ ಮುಚ್ಚಿ, ಸ್ಟ್ಯಾಂಡ್ ಮೇಲಿಟ್ಟು, ವೆಯ್ಟ್ ಹಾಕದೆ ಕಡುಬಿನಂತೆ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ಅಡಿಯ ನೀರು ಆರದಂತೆ ನೋಡಿಕೊಳ್ಳಿ. ಹಬೆ 100 ಡಿಗ್ರಿ ದಾಟುವುದಿಲ್ಲ, ಆದ್ದರಿಂದ ಹೊರಮೈ ಬೆಳ್ಳಗೇ ಇರುತ್ತದೆ. ಕಂದು ಬಣ್ಣ, ಹುರಿದ ಘಮ ಬರಲು ಒಣ ಬಿಸಿ, ಅದೂ ಸುಮಾರು 140 ಡಿಗ್ರಿಯಷ್ಟು ಬೇಕು. ಹಾಗಾಗಿ ಬೆಂದದ್ದನ್ನು ದಪ್ಪಗೆ ಕತ್ತರಿಸಿ, ಕಾವಲಿಯಲ್ಲಿ ಎಣ್ಣೆ ಹಾಕಿ ಎರಡೂ ಬದಿ ಕೆಂಪಗಾಗಿಸಿ, ಕೊನೆಯಲ್ಲಿ ಸಾಸ್ ಬಳಿಯಿರಿ. ನಮ್ಮ ಅಭಿಪ್ರಾಯದಲ್ಲಿ ಒವನ್‌ನದ್ದಕ್ಕಿಂತ ಇದೇ ರುಚಿ, ಏಕೆಂದರೆ ಪ್ರತಿ ತುಂಡಿಗೂ ಹೊಳಪು ಸಿಗುತ್ತದೆ.

ಉಳಿದದ್ದು, ಮತ್ತು ಕರೆಂಟು

'ಬಿಸಿ ಆಹಾರ ಫ್ರಿಜ್‌ನಲ್ಲಿಟ್ಟರೆ ವಿಷವಾಗುತ್ತದೆ' ಎಂಬ ನಂಬಿಕೆಯಿಂದ ಅನೇಕರು ಮಧ್ಯಾಹ್ನದ ಮಾಂಸವನ್ನು ರಾತ್ರಿಯವರೆಗೆ ಹೊರಗೇ ಇಡುತ್ತಾರೆ. ಅಪಾಯ ಇರುವುದು ಆ ಹೊರಗಿಡುವುದರಲ್ಲೇ. ಬೇಯಿಸಿದಾಗಲೂ ಸಾಯದ ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು, ದಪ್ಪ ಮಾಂಸ ನಿಧಾನವಾಗಿ ಆರುವಾಗ ಮೊಳೆತು ವೇಗವಾಗಿ ಹೆಚ್ಚುತ್ತವೆ. ಇಡೀ ಲೋಫ್ ಆರಲು ಕಾಯದೆ ತುಂಡು ಮಾಡಿ ಅಗಲ ತಟ್ಟೆಯಲ್ಲಿ ಹರಡಿ. ಎರಡು ಗಂಟೆಯೊಳಗೆ, ಏಪ್ರಿಲ್-ಮೇ ಸೆಕೆಯಲ್ಲಾದರೆ ಒಂದು ಗಂಟೆಯೊಳಗೆ ಫ್ರಿಜ್ ಸೇರಲಿ. ಮೂರು ದಿನದೊಳಗೆ, ಹಬೆಯಾಡುವಷ್ಟು ಬಿಸಿ ಮಾಡಿ ತಿಂದು ಮುಗಿಸಿ.

ಸುಳ್ಯ, ಕಡಬದ ಕಡೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ಕರೆಂಟು ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ರಾತ್ರಿಯಿಡೀ ಕರೆಂಟ್ ಇಲ್ಲದೆ ಫ್ರಿಜ್‌ನ ಕೆಳಭಾಗದಲ್ಲಿದ್ದ ಹಸಿ ಖೀಮಾವನ್ನು ಮೂಸಿ ನೋಡಿ ತೀರ್ಮಾನಿಸಬೇಡಿ. ಕಾಯಿಲೆ ತರುವ ಬ್ಯಾಕ್ಟೀರಿಯಾಗಳು ವಾಸನೆ ಕೊಡಲೇಬೇಕೆಂದಿಲ್ಲ. ಅದನ್ನು ನಾಯಿ, ಬೆಕ್ಕಿಗೂ ಹಾಕದೆ ತೋಟದಲ್ಲಿ ಆಳವಾಗಿ ಹೂತುಬಿಡಿ. ಆಟಿಯ ಮಳೆ ಹಿಡಿದ ವಾರ ಖೀಮಾ ತರುವುದಿದ್ದರೆ ಅಂದಂದೇ ಬೇಯಿಸುವಷ್ಟು ಮಾತ್ರ ತನ್ನಿ.