ಕಟ್ಟಡದ ಹೊರಮೈ

ನಮ್ಮ ಪುಣೆಯಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳನ್ನು ವಿದ್ಯಾರ್ಥಿಗಳೆಲ್ಲರೂ ಕಂಡಿದ್ದೀರಿ. ಹಲವು ಕಟ್ಟಡಗಳಿಗೆ ಹೊರಗಿನಿಂದ ಅಲ್ಯುಮಿನಿಯಂ ಹಾಳೆಗಳ ಕವಚವನ್ನು ತೊಡಿಸುತ್ತಾರೆ. ಮಳೆ ಬಿಸಿಲುಗಳಿಂದ ಗೋಡೆಗೆ ರಕ್ಷಣೆ, ನೋಡುವವರ ಕಣ್ಣಿಗೆ ಹಬ್ಬ. ಆದರೆ ಹೊಳಪಿನ ಹಿಂದೆ ಏನಿದೆಯೆಂದು ಕೇಳುವುದು ವಿದ್ಯಾವಂತರ ಧರ್ಮ.

ಈ ಹಾಳೆ ಬರಿಯ ಲೋಹವಲ್ಲ. ಎರಡು ತೆಳು ಅಲ್ಯುಮಿನಿಯಂ ಪದರಗಳ ನಡುವೆ ಬೇರೊಂದು ವಸ್ತುವಿರುತ್ತದೆ. ಅಗ್ಗದ ಹಾಳೆಗಳಲ್ಲಿ ಅದು ಸಾಮಾನ್ಯವಾಗಿ ಪಾಲಿಥಿನ್. ಕಿಚ್ಚು ತಗುಲಿದರೆ ಕರಗಿ ಉರಿಯುವಂಥದು. ಹಾಳೆಗೂ ಗೋಡೆಗೂ ನಡುವಣ ಸಂದು ಹೊಗೆಗೊಳವೆಯಂತೆ ಜ್ವಾಲೆಯನ್ನು ಮೇಲಕ್ಕೆಳೆಯುತ್ತದೆ. ೨೦೧೭ರ ಜೂನ್ ೧೪ರಂದು ಲಂಡನ್ನಿನ ೨೪ ಅಂತಸ್ತಿನ ಗ್ರೆನ್‌ಫೆಲ್ ಗೋಪುರದಲ್ಲಿ, ಒಂದು ಮನೆಯ ಅಡಿಗೆಕೋಣೆಯಲ್ಲಿ ಹುಟ್ಟಿದ ಬೆಂಕಿ ಇಂಥ ಕವಚವನ್ನೇರಿ ಇಡೀ ಗೋಪುರವನ್ನು ಆವರಿಸಿತು. ೭೨ ಜನರು ಅಸುನೀಗಿದರು. ಕಾಂಕ್ರೀಟು ನಿಂತೇ ಇತ್ತು.

ನಮ್ಮೂರ ಶನಿವಾರವಾಡೆಯೂ ಇದೇ ಪಾಠವನ್ನು ಹೇಳುತ್ತದೆ. ೧೮೨೮ರ ಬೆಂಕಿಗೆ ಒಳಗಿನ ಮಹಲುಗಳು ಆಹುತಿಯಾದವು. ಕಲ್ಲಿನ ತಳಪಾಯವೂ ಹೊರಕೋಟೆಯೂ ಇಂದಿಗೂ ಉಳಿದಿವೆ. ಬೆಂಕಿ ಅಂದವನ್ನು ನೋಡುವುದಿಲ್ಲ, ವಸ್ತುವನ್ನು ನೋಡುತ್ತದೆ.

ಸುಲಭವಾಗಿ ಉರಿಯದ ಖನಿಜದ ಪುಡಿ ತುಂಬಿದ ಹಾಳೆಗಳೂ ದೊರೆಯುತ್ತವೆ. ಬೆಲೆ ಮಾತ್ರ ಹೆಚ್ಚು. ಆ ಹೆಚ್ಚಿನ ಬೆಲೆಯನ್ನು ದುಂದುವೆಚ್ಚವೆನ್ನುವುದು ಸಲ್ಲದು. ಉಳಿಸಿದ ಹಣ ಕಟ್ಟಿಸಿದವನ ಕೈ ಸೇರುತ್ತದೆ; ಅಪಾಯವಾದರೋ ಮೇಲಂತಸ್ತಿನಲ್ಲಿ ಮಲಗಿರುವ ಮಕ್ಕಳದು, ಮುದುಕರದು.

ಕನ್ನಡ ನಾಡಿನಿಂದ ಬಂದ ಅನೇಕರು ಈ ನಗರದ ಕಟ್ಟಡಗಳಲ್ಲಿ ಬೆವರು ಸುರಿಸುತ್ತಿದ್ದಾರೆ. ಅವರ ಮಕ್ಕಳಾದ ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರರಾಗುವಿರಿ. ಆಗ ಹಾಳೆಯ ಬಣ್ಣವನ್ನು ಆರಿಸುವ ಮೊದಲು ಅದರ ಒಡಲನ್ನು ಪರೀಕ್ಷಿಸಿರಿ.