ರಾಜಿಯಾಗಲಿ, ಆದರೆ ಅಳತೆಯಾದ ಮೇಲೆ



ಕಡೂರು, ಬೀರೂರು, ತರೀಕೆರೆಗಳನ್ನು ಹಾದುಹೋಗುವ ಹೆದ್ದಾರಿಯಲ್ಲಾಗಲಿ, ಅಜ್ಜಂಪುರ ಸೀಮೆಯ ಹಳ್ಳಿದಾರಿಯಲ್ಲಾಗಲಿ ಅಪಘಾತವಾದರೆ ಎರಡೂ ಕಡೆಯವರು ಎಷ್ಟೋ ಸಲ ಪರಿಚಿತರೇ. ಟ್ರ್ಯಾಕ್ಟರ್ ಮಠದ ಭಕ್ತರೊಬ್ಬರದು. ಅದು ತಗುಲಿ ಕಾಲು ಮುರಿದುಕೊಂಡವನು ಪಕ್ಕದ ಕೇರಿಯ ಕೂಲಿಕಾರ. "ಕೋರ್ಟು ಕಚೇರಿ ಯಾಕೆ, ಊರಲ್ಲೇ ಮುಗಿಸೋಣ" ಎಂಬ ಮಾತು ಅಂದೇ ಸಂಜೆ ಹುಟ್ಟುತ್ತದೆ.

ಆ ಮಾತು ತಪ್ಪಲ್ಲ. ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆಯುವ ಸದ್ಧರ್ಮ ನ್ಯಾಯಪೀಠ ನಮಗೆಲ್ಲ ತಿಳಿದದ್ದೇ. ಎರಡೂ ಕಡೆಯ ಅಹವಾಲು ಕೇಳಿ ಮನಸ್ಸು ಕೂಡಿಸುವುದು ನಮ್ಮ ಪರಂಪರೆ.

ಆದರೆ ಗಾಯದ ವ್ಯಾಜ್ಯ ಬದುವಿನ ವ್ಯಾಜ್ಯದಂತಲ್ಲ. ಬದುವನ್ನು ಅಂದೇ ಅಳೆಯಬಹುದು. ಮುರಿದ ಕಾಲು ಎಷ್ಟು ಕೂಡಿತು, ದುಡಿಮೆಯ ಶಕ್ತಿ ಎಷ್ಟು ಹೋಯಿತು ಎಂಬುದು ತಿಂಗಳುಗಳ ನಂತರ, ವೈದ್ಯರು ಅಂಗವೈಕಲ್ಯದ ಪ್ರಮಾಣ ಬರೆದುಕೊಟ್ಟಾಗಲೇ ತಿಳಿಯುವುದು. ಅಳತೆಯಾಗದ ಕಾಮಗಾರಿಗೆ ಬಿಲ್ ಬರೆಯಬಾರದು ಎಂಬುದು ಎಂಜಿನಿಯರುಗಳ ಮೊದಲ ಪಾಠ. ಇಲ್ಲಿಗೂ ಅದೇ ಸಲ್ಲುತ್ತದೆ.

ಇನ್ನೊಂದು ಅಪಾಯವಿದೆ. ಇಪ್ಪತ್ತು ಸಾವಿರ ಕೈಗಿಟ್ಟು, ದೂರು ಬೇಡವೆಂದರೆ ವಿಮೆಯ ದಾರಿಯೇ ಕಷ್ಟವಾಗುತ್ತದೆ. ವಾಹನಕ್ಕೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯವಾಗಿರುವುದೇ ಗಾಯಾಳು ಬೀದಿಪಾಲಾಗದಿರಲಿ, ಮಾಲೀಕ ತೋಟ ಮಾರದಿರಲಿ ಎಂದು. ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿಯನ್ನು ಯಾರ ತಪ್ಪೆಂದು ಸಾಬೀತು ಮಾಡದೆಯೇ ಕೇಳುವ ಅವಕಾಶ ಮೋಟಾರು ವಾಹನ ಕಾಯ್ದೆಯಲ್ಲಿದೆ. ಪರಿಹಾರದ ಅರ್ಜಿಗೆ ಕಾಯ್ದೆ ಹೇಳುವ ಅವಧಿ ಆರು ತಿಂಗಳು. ಪಂಚಾಯ್ತಿಯಲ್ಲಿ ಕಾಲ ಕಳೆದರೆ ನಷ್ಟ ಬಡವನಿಗೇ.

ಹಾಗಾದರೆ ರಾಜಿ ಎಲ್ಲಿ? ಲೋಕ ಅದಾಲತ್ತಿನಲ್ಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಅಲ್ಲಿ ಶುಲ್ಕವಿಲ್ಲ. ಮೊದಲೇ ಕಟ್ಟಿದ್ದರೆ ಅದು ವಾಪಸು. ವಿಮಾ ಕಂಪನಿಯೂ ಎದುರಿಗೆ ಕೂರುತ್ತದೆ. ಅಲ್ಲಿನ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಆದ್ದರಿಂದಲೇ ಸಹಿಗೆ ಮುನ್ನ ಯೋಚಿಸಬೇಕು.

ಮಠಗಳಲ್ಲಿ, ಊರಿನ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಮೊದಲು ಚಿಕಿತ್ಸೆ ಕೊಡಿಸಿ, ದೂರು ದಾಖಲಿಸಿ, ಆಸ್ಪತ್ರೆಯ ಚೀಟಿಗಳನ್ನು ಜೋಪಾನ ಮಾಡಿಸಿ. ಆಮೇಲೆ ಇಬ್ಬರನ್ನೂ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ಯಿರಿ. ಹಿರಿಯರ ಮುಂದೆ ತಲೆತಗ್ಗಿಸಿ ಕೂಲಿಕಾರ "ಹೂಂ" ಎಂದದ್ದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಕಾಯಕವೇ ಬದುಕಾದವನ ಕಾಲು ಹೋದರೆ ಹೋದದ್ದು ಕಾಯಕವೇ. ಅದರ ಬೆಲೆ ಕಟ್ಟುವಾಗ ಬಸವಣ್ಣನವರ ಸಮಾನತೆ ನಮ್ಮ ತಕ್ಕಡಿಯಾಗಲಿ.