ಮೈಲೇಜ್ ಜೊತೆ ಹೊಗೆಯ ಲೆಕ್ಕವನ್ನೂ ಕೇಳಿ



ಕಾರು ಕೊಳ್ಳಲು ಷೋರೂಮಿಗೆ ಕಾಲಿಟ್ಟ ಕೂಡಲೇ ನಾವು ಕೇಳುವುದು, 'ಮೈಲೇಜ್ ಎಷ್ಟು ಬರುತ್ತೆ?' ಸಾಲ ಮಾಡಿ ಕಾರು ಕೊಳ್ಳುವವರು ಹಾಗೆ ಕೇಳುವುದು ನ್ಯಾಯವೇ. ಆದರೆ ನಾವು ಅದೊಂದನ್ನೇ ಕೇಳುವುದರಿಂದ ಕಂಪನಿಗಳೂ ಅದೊಂದನ್ನೇ ಹೇಳುತ್ತಾ ಬಂದಿವೆ. ಡೀಸೆಲ್ ಕಾರಿನ ವಿಷಯದಲ್ಲಿ ಈ ಅರ್ಧ ಮಾತು ನಮ್ಮ ಶ್ವಾಸಕೋಶಕ್ಕೆ ದುಬಾರಿಯಾಗಿದೆ.

ಕಂಪನಿಗಳು ಡೀಸೆಲ್ ಕಾರನ್ನು ಒಂದೊಂದು ಸೀಮೆಯಲ್ಲಿ ಒಂದೊಂದು ಗುಣ ಹೇಳಿ ಮಾರಿದವು. ಹಳೆಯ ಡೀಸೆಲ್ ಹೊಗೆಯ ನೆನಪಿದ್ದ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ 'ಕ್ಲೀನ್ ಡೀಸೆಲ್' ಎಂದು ಸಾರಿತು. ಯುರೋಪಿನ ಹಲವು ದೇಶಗಳಲ್ಲಿ ಇಂಗಾಲದ ಡೈಆಕ್ಸೈಡ್ ನೋಡಿ ಕಾರಿಗೆ ತೆರಿಗೆ ಹಾಕುತ್ತಾರೆ. ಅಲ್ಲಿ ಆ ಅನಿಲ ಕಡಿಮೆ ಎಂಬುದೇ ಮುಖ್ಯ ಆಕರ್ಷಣೆಯಾಯಿತು. ನಮ್ಮಲ್ಲಿ 2014ರ ಅಕ್ಟೋಬರ್‌ವರೆಗೆ ಸರ್ಕಾರವೇ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿತ್ತು. 2012ರಲ್ಲಿ ಒಂದು ಹಂತದಲ್ಲಿ ದೆಹಲಿಯಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ ಸುಮಾರು 30 ರೂಪಾಯಿ ಅಂತರವಿತ್ತು. ಹಾಗಾಗಿ ಇಲ್ಲಿ ಮೈಲೇಜೇ ಮಂತ್ರವಾಯಿತು.

ನಮಗೆ ಹೇಳದೆ ಉಳಿದದ್ದು ಏನು? 2010ರಲ್ಲಿ ಬೆಂಗಳೂರಿಗೆ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-4 ನಿಯಮ ಬಂದಾಗ ಪೆಟ್ರೋಲ್ ಕಾರು ಕಿಲೋಮೀಟರಿಗೆ 80 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡ್ ಉಗುಳಬಹುದಿತ್ತು, ಡೀಸೆಲ್ ಕಾರು 250. ಮೈಲೇಜ್ ಜಾಹೀರಾತುಗಳಲ್ಲಿ ಈ ಅಂಕಿಗೆ ಜಾಗವಿರಲಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿತು. ಆ ಹೊಗೆ ಕುಡಿಯುವವರು ಸಿಗ್ನಲ್‌ನಲ್ಲಿ ನಿಂತ ಪೊಲೀಸರು, ಫುಟ್‌ಪಾತ್ ವ್ಯಾಪಾರಿಗಳು, ಶಾಲೆಗೆ ನಡೆದು ಹೋಗುವ ಮಕ್ಕಳು.

'ಕ್ಲೀನ್' ಎಂಬ ಮಾತೂ ನಿಲ್ಲಲಿಲ್ಲ. ಪರೀಕ್ಷೆ ನಡೆಯುತ್ತಿದೆಯೆಂದು ಪತ್ತೆ ಹಚ್ಚಿ ಆಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುವ ಸಾಫ್ಟ್‌ವೇರ್ ಫೋಕ್ಸ್‌ವ್ಯಾಗನ್ನಿನ ಆ ಡೀಸೆಲ್ ಕಾರುಗಳಲ್ಲಿತ್ತು; ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡ್ ಅಮೆರಿಕದ ಮಿತಿಯ 40 ಪಟ್ಟಿನವರೆಗೂ ಹೋಗುತ್ತಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಇದು ಬಯಲಾಯಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಕಾರು ಓಡಿಸಿ ಹೊಗೆ ಅಳೆದು, ಈ ವಂಚನೆ ಹೊರಬರಲು ಕಾರಣವಾದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಅವರೂ ಇದ್ದರು.

2020ರ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರಿನ ಮಿತಿ 80 ಮಿಲಿಗ್ರಾಂಗೆ ಇಳಿದಿದೆ. ಇದು ದೊಡ್ಡ ಸುಧಾರಣೆ. ಆದರೆ ಅದು ಉಳಿಯುವುದು ನಮ್ಮ ಕೈಯಲ್ಲಿದೆ. ಹೊಗೆ ಕೊಳವೆಯ ಡಿಪಿಎಫ್ ಫಿಲ್ಟರ್ ಮಸಿಯನ್ನು ಹಿಡಿದಿಟ್ಟುಕೊಂಡು, ಹೆದ್ದಾರಿಯ ಓಟದಲ್ಲಿ ಬಿಸಿಯೇರಿದಾಗ ಸುಟ್ಟು ಹಾಕುತ್ತದೆ. ದಿನವೂ ನಾಲ್ಕೈದು ಕಿಲೋಮೀಟರ್ ಟ್ರಾಫಿಕ್‌ನಲ್ಲಿ ತೆವಳುವ ಕಾರಿನಲ್ಲಿ ಆ ಬಿಸಿ ಬರುವುದಿಲ್ಲ. ಮಸಿ ಕಟ್ಟಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆಗ 'ಫಿಲ್ಟರ್ ತೆಗೆದುಬಿಡೋಣ' ಎನ್ನುವವರ ಮಾತಿಗೆ ಮರುಳಾಗಬೇಡಿ.

ನನ್ನ ಮನವಿ ಇಷ್ಟೆ. ಊರೊಳಗೇ ಓಡಾಡುವವರು ಡೀಸೆಲ್ ಕಾರು ಕೊಳ್ಳಬೇಡಿ. ಹೆದ್ದಾರಿಯಲ್ಲಿ ದಿನವೂ ದೂರ ಹೋಗುವವರಿಗೆ ಅದು ಒಗ್ಗೀತು. ಸೆಕೆಂಡ್ ಹ್ಯಾಂಡ್ ಬಿಎಸ್-6 ಡೀಸೆಲ್ ಕಾರು ನೋಡುವವರು ಡಿಪಿಎಫ್ ಇದೆಯೇ ಎಂದು ನಂಬಿಕಸ್ತ ಮೆಕ್ಯಾನಿಕ್‌ಗೆ ತೋರಿಸಿ. ಅಮೆರಿಕದಲ್ಲಿ ಹೊಸ ಕಾರಿನ ಕಿಟಕಿಗೆ ಅಂಟಿಸುವ ಚೀಟಿಯಲ್ಲಿ ಮೈಲೇಜಿನ ಜೊತೆಗೆ ಹೊಗೆಯ ಅಂಕವೂ ಇರಬೇಕು; ಇಲ್ಲೂ ಅಂಥ ನಿಯಮ ಬೇಕೆಂದು ನಿಮ್ಮ ಸಂಸದರಿಗೆ ಬರೆಯಿರಿ. ಅಲ್ಲಿಯವರೆಗೆ ಸುಮ್ಮನಿರುವುದೂ ಬೇಡ: ವಾಹನದ ನೋಂದಣಿಗೆ ಕೊಡುವ ಫಾರಂ 22ರಲ್ಲಿ ಹೊಗೆಯ ಪ್ರಮಾಣ ನಮೂದಾಗಿರುತ್ತದೆ. ಬುಕಿಂಗ್ ಹಣ ಕೊಡುವ ಮುನ್ನ ಅದನ್ನು ಕೇಳಿ, ಓದಿ, ಆಮೇಲೆ ಸಹಿ ಹಾಕಿ.